ಹಳದಿ ದೀಪ ಹೊತ್ತಿದಾಗ: ಮಲೆನಾಡಿನ ಐಷಾರಾಮಿ ಕಾರು ಮಾಲೀಕರಿಗೆ ಕೈ ಸ್ಕ್ಯಾನರ್ ಬಳಕೆಯ ಸಮಗ್ರ ಮಾರ್ಗದರ್ಶಿ

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷಗಳಲ್ಲಿ, ಏಳೆಂಟು ವರ್ಷ ಓಡಿದ ಬಿಎಂಡಬ್ಲ್ಯು, ಆಡಿ, ಮರ್ಸಿಡಿಸ್ ಕಾರುಗಳು ಬೆಂಗಳೂರಿನಿಂದ ಬಂದು ತೀರ್ಥಹಳ್ಳಿ, ಸಾಗರ, ಹೊಸನಗರದ ಅಂಗಳಗಳಲ್ಲಿ ನಿಲ್ಲುತ್ತವೆ. ಹೊಸದೊಂದು ಸಾಧಾರಣ ಕಾರಿನ ಬೆಲೆಗೆ ಕೈಗೆ ಬಂದ ಇವುಗಳ ನಿಜವಾದ ಖರ್ಚು ಗೊತ್ತಾಗುವುದು ಮೊದಲ ಮಳೆಗಾಲ ಕಳೆಯುವ ಹೊತ್ತಿಗೆ. ಒಂದು ಬೆಳಿಗ್ಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಅಧಿಕೃತ ವರ್ಕ್‌ಶಾಪ್ ಹುಡುಕಿದರೆ ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕು, ಇಲ್ಲವೇ ಶಿವಮೊಗ್ಗದಿಂದ ಸುಮಾರು 300 ಕಿ.ಮೀ. ದೂರದ ಬೆಂಗಳೂರಿಗೆ. ಅಲ್ಲಿಗೆ ಹೋದರೂ ಅವರು ಮೊದಲು ಮಾಡುವ ಕೆಲಸ ಸ್ಕ್ಯಾನ್ ಹಾಕುವುದೇ. ಆ ಮೊದಲ ಕೆಲಸವನ್ನು ಕೆಲವು ಸಾವಿರ ರೂಪಾಯಿಯ ಕೈ ಸ್ಕ್ಯಾನರ್‌ನಿಂದ ಮನೆಯಂಗಳದಲ್ಲೇ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡಬೇಕು. ಸ್ಕ್ಯಾನರ್ ಕೆಟ್ಟ ಭಾಗದ ಹೆಸರನ್ನು ಹೇಳುವುದಿಲ್ಲ. ಕಾರಿನ ಕಂಪ್ಯೂಟರಿಗೆ ಏನು ಸರಿಕಾಣಲಿಲ್ಲ ಎಂಬ ದೂರನ್ನಷ್ಟೇ ಓದಿ ಹೇಳುತ್ತದೆ. ದೂರಿನಿಂದ ಕಾರಣದವರೆಗಿನ ದಾರಿಯನ್ನು ನಾವೇ ನಡೆಯಬೇಕು. ಇದನ್ನು ಮರೆತು, ಪರದೆಯ ಮೇಲೆ ಕಂಡ ಹೆಸರಿನ ಸೆನ್ಸರನ್ನೆಲ್ಲ ತರಿಸಿ ಬದಲಾಯಿಸಿ, ಕೊನೆಗೆ ಒಂದು ಹರಿದ ರಬ್ಬರ್ ಪೈಪಿನಲ್ಲಿ ಕಾರಣ ಕಂಡವರು ನನ್ನ ಪರಿಚಯದಲ್ಲೇ ಮೂವರಿದ್ದಾರೆ.

ಜಗಲಿಯವರೆಗೆ ಬರುವ ಸ್ಕ್ಯಾನರ್, ಒಳಮನೆಗೆ ಹೋಗುವ ಸ್ಕ್ಯಾನರ್

ಎಲ್ಲ ಕಂಪನಿಗಳ ಕಾರುಗಳೂ ಹೊಗೆ ನಿಯಂತ್ರಣಕ್ಕೆ ಸಂಬಂಧಿಸಿದ ದೋಷಗಳನ್ನು ಒಂದೇ ಭಾಷೆಯಲ್ಲಿ ಹೇಳಬೇಕೆಂಬ ಕಟ್ಟುಪಾಡಿಗೆ ಓಬಿಡಿ-2 ಎಂದು ಹೆಸರು. ಅಮೆರಿಕದಲ್ಲಿ 1996ರ ಮಾದರಿಗಳಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಇದು ಕಡ್ಡಾಯವಾಯಿತು. ನಮ್ಮಲ್ಲಿ ಬಿಎಸ್-4 ಎಂಬ ಹೊಗೆ ನಿಯಮದ ಕಾಲದಲ್ಲಿ, 2013ರ ಏಪ್ರಿಲ್‌ನಿಂದ ಜಾರಿಗೆ ಬಂತು. 2020ರ ಏಪ್ರಿಲ್ 1ರಂದು ಬಿಎಸ್-6 ಬಂದ ಮೇಲೆ ಇನ್ನಷ್ಟು ಬಿಗಿಯಾಯಿತು. ಜರ್ಮನ್ ಕಾರುಗಳು ಯುರೋಪಿನ ನಿಯಮಕ್ಕಾಗಿ ರೂಪುಗೊಂಡವಾದ್ದರಿಂದ 2013ಕ್ಕಿಂತ ಹಳೆಯವೂ ಸಾಮಾನ್ಯವಾಗಿ ಈ ಭಾಷೆಗೆ ಉತ್ತರ ಕೊಡುತ್ತವೆ.

ಆದರೆ ಈ ಸಾಮಾನ್ಯ ಭಾಷೆ ಮುಖ್ಯವಾಗಿ ಎಂಜಿನ್ ಮತ್ತು ಗೇರ್‌ಬಾಕ್ಸಿನ ಹೊಗೆ ಸಂಬಂಧಿ ವಿಷಯಗಳಿಗೆ ಸೀಮಿತ. ನಮ್ಮ ತೊಟ್ಟಿಮನೆಗಳಿಗೆ ಬಂದ ಅಪರಿಚಿತರನ್ನು ಜಗಲಿಯಲ್ಲಿ ಕೂರಿಸಿ ಮಾತನಾಡಿಸುತ್ತೇವೆಯೇ ಹೊರತು ನಡುಮನೆಗೆ, ಅಡುಗೆಮನೆಗೆ ಬಿಡುವುದಿಲ್ಲ. ಸಾಮಾನ್ಯ ಸ್ಕ್ಯಾನರ್‌ಗೂ ಸಿಗುವುದು ಅಷ್ಟೇ ಪ್ರವೇಶ. ಎಬಿಎಸ್, ಏರ್‌ಬ್ಯಾಗ್, ಏರ್ ಸಸ್ಪೆನ್ಷನ್, ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್, ಬಾಗಿಲು, ಸೀಟು, ಎಸಿ ಇವೆಲ್ಲಕ್ಕೂ ಐಷಾರಾಮಿ ಕಾರಿನಲ್ಲಿ ಪ್ರತ್ಯೇಕ ಕಂಪ್ಯೂಟರುಗಳಿರುತ್ತವೆ, ಅವುಗಳೊಂದಿಗೆ ಮಾತನಾಡಲು ಆಯಾ ಕಂಪನಿಯ ಒಳಭಾಷೆ ತಿಳಿದಿರಬೇಕು. ಮಾರುತಿ ಕಾರಿನ ಮಾಲೀಕನಿಗೆ ಜಗಲಿಯ ಮಾತು ಬಹುಮಟ್ಟಿಗೆ ಸಾಕಾಗಬಹುದು. ದುಬಾರಿ ಕಾರಿನಲ್ಲಿ ತೊಂದರೆಗಳ ದೊಡ್ಡ ಪಾಲು ಒಳಮನೆಯದು.

ಯಾವುದನ್ನು ಕೊಳ್ಳಬೇಕು

ಕೆಲವು ನೂರು ರೂಪಾಯಿಗೆ ಸಿಗುವ, ಮೊಬೈಲ್ ಫೋನಿಗೆ ಬ್ಲೂಟೂತ್ ಮೂಲಕ ಸೇರುವ ಬೆರಳುದ್ದದ ಅಡಾಪ್ಟರುಗಳು ಎಲ್ಲರ ಕಣ್ಣಿಗೆ ಮೊದಲು ಬೀಳುತ್ತವೆ. ಇವುಗಳ ಮೇಲೆ ಇಎಲ್ಎಂ327 ಎಂದು ಬರೆದಿರುತ್ತದೆ. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ರೂಪಿಸಿದ ಚಿಪ್ಪಿನ ಹೆಸರು ಅದು. ಮಾರುಕಟ್ಟೆಯಲ್ಲಿ ಸಿಗುವುದು ಬಹುಪಾಲು ಅದರ ನಕಲು. ನಕಲುಗಳಲ್ಲಿ ಕೆಲವು ಆಜ್ಞೆಗಳೇ ಇರುವುದಿಲ್ಲ, ಉದ್ದನೆಯ ಸಂದೇಶಗಳನ್ನು ಅರ್ಧದಲ್ಲಿ ಕಡಿದುಬಿಡುತ್ತವೆ. ಎಂಜಿನ್ ಕೋಡ್, ಅಂದರೆ ದೋಷ ಕಂಡಾಗ ಕಾರು ಬರೆದಿಟ್ಟ ಸಂಕೇತ, ಓದಲು ತೊಂದರೆಯಿಲ್ಲ, ಆದರೆ ಕಾರಿಗೆ ಏನನ್ನಾದರೂ ಬರೆಯುವ ಕೆಲಸಕ್ಕೆ, ಅಂದರೆ ಕೋಡಿಂಗ್‌ಗೆ, ಇಂಥದ್ದನ್ನು ನಾನು ಖಂಡಿತ ಬಳಸುವುದಿಲ್ಲ. ಐಫೋನ್ ಇರುವವರು ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರುವ ಅಡಾಪ್ಟರನ್ನೇ ಕೇಳಿ ಪಡೆಯಬೇಕು, ಹಳೆಯ ಬಗೆಯ ಬ್ಲೂಟೂತ್ ಅಡಾಪ್ಟರಿನೊಂದಿಗೆ ಐಫೋನ್ ಕೆಲಸ ಮಾಡುವುದಿಲ್ಲ.

ಎರಡು ಮೂರು ಸಾವಿರದ, ಸ್ವಂತ ಪರದೆಯಿರುವ ಕೈ ಉಪಕರಣಗಳು ಇದಕ್ಕಿಂತ ನಂಬಿಕಸ್ಥ. ಫೋನ್, ಆ್ಯಪ್, ನೆಟ್‌ವರ್ಕ್ ಯಾವುದೂ ಬೇಡ. ಸಿಗ್ನಲ್ ಇಲ್ಲದ ಘಾಟಿಯ ನಡುವೆಯೂ ಕೆಲಸ ಮಾಡುತ್ತವೆ. ನಮ್ಮ ಕಡೆ ಇದು ಸಣ್ಣ ಅನುಕೂಲವಲ್ಲ. ಆದರೂ ಇವುಗಳಲ್ಲಿ ಬಹುಪಾಲು ಜಗಲಿಯವರೆಗೇ ಬರುವಂಥವು.

ನಿಜವಾಗಿ ಹಣ ಹಾಕಬೇಕಾದದ್ದು ನಿಮ್ಮ ಕಾರಿನ ಕಂಪನಿಗೆ ಮೀಸಲಾದ ಸಾಧನಕ್ಕೆ. ಫಾಕ್ಸ್‌ವೆಲ್, ಐಕಾರ್‌ಸಾಫ್ಟ್, ಆಟೆಲ್, ಲಾಂಚ್ ಮುಂತಾದ ತಯಾರಕರ ಹತ್ತರಿಂದ ಇಪ್ಪತ್ತು ಸಾವಿರದ ಆಸುಪಾಸಿನ ಕೈ ಸ್ಕ್ಯಾನರುಗಳಲ್ಲಿ ಹಲವು, ಆಯ್ದ ಕಂಪನಿಯ ಎಲ್ಲ ಕಂಪ್ಯೂಟರುಗಳನ್ನೂ ಓದುತ್ತವೆ, ಸರ್ವಿಸ್ ರೀಸೆಟ್, ಬ್ಯಾಟರಿ ನೋಂದಣಿ (ಹೊಸ ಬ್ಯಾಟರಿ ಬಂದಿದೆ ಎಂದು ಕಾರಿಗೆ ತಿಳಿಸುವುದು), ಹ್ಯಾಂಡ್‌ಬ್ರೇಕ್ ಬಿಚ್ಚುವಿಕೆಯಂಥ ಕೆಲಸಗಳನ್ನೂ ಮಾಡುತ್ತವೆ. ಆಡಿ, ಸ್ಕೋಡಾ, ಫೋಕ್ಸ್‌ವ್ಯಾಗನ್ ಇರುವವರಿಗೆ ರಾಸ್-ಟೆಕ್ ಕಂಪನಿಯ ವಿಸಿಡಿಎಸ್ ಮತ್ತು ಓಬಿಡಿಇಲೆವೆನ್ ಇವೆ. ಬಿಎಂಡಬ್ಲ್ಯು ಮಾಲೀಕರಿಗೆ ಒಳ್ಳೆಯ ಅಡಾಪ್ಟರಿನ ಜೊತೆ ಬಿಮ್ಮರ್‌ಲಿಂಕ್ ಎಂಬ ಆ್ಯಪ್ ಅಗ್ಗದ ದಾರಿ. ಕೊಳ್ಳುವ ಮುನ್ನ ಅಂಗಡಿಯವನ ಬಾಯಿಮಾತು ಬಿಟ್ಟು, ತಯಾರಕರ ಪಟ್ಟಿಯಲ್ಲಿ ನಿಮ್ಮ ಕಾರಿನ ಮಾದರಿ, ವರ್ಷ, ಬೇಕಾದ ಕೆಲಸ ಮೂರೂ ಒಟ್ಟಿಗೆ ಇವೆಯೇ ಎಂದು ನೋಡಿ. ಅಪ್‌ಡೇಟ್ ಉಚಿತವೋ, ವರ್ಷವರ್ಷವೂ ಹಣ ಕಟ್ಟಬೇಕೋ ಎಂಬುದನ್ನೂ ಕೇಳಿಕೊಳ್ಳಿ. ಹೊಸ ಕಾರುಗಳಲ್ಲಿ ಕಂಪನಿಗಳು ಬೀಗ ಹಾಕತೊಡಗಿವೆ ಎಂಬುದೂ ನೆನಪಿರಲಿ: ಫೋಕ್ಸ್‌ವ್ಯಾಗನ್ ಗುಂಪಿನ 2020ರ ಈಚಿನ ಹೊಸ ಪೀಳಿಗೆಯ ಮಾದರಿಗಳಲ್ಲಿ ಎಸ್‌ಎಫ್‌ಡಿ ಎಂಬ ರಕ್ಷಣೆಯಿದ್ದು, ಅನುಮತಿಯಿಲ್ಲದ ಸಾಧನ ಕೋಡುಗಳನ್ನು ಓದಿದರೂ ರಕ್ಷಿತ ಕಂಪ್ಯೂಟರಿನ ಕೋಡಿಂಗ್ ಬದಲಿಸಲಾರದು.

ತೀರ್ಥಹಳ್ಳಿಯಲ್ಲಿ ನಾಲ್ಕು ಮನೆಯವರ ಬಳಿ ಒಂದೇ ಕಂಪನಿಯ ಕಾರುಗಳಿದ್ದರೆ ಒಂದು ಒಳ್ಳೆಯ ಸಾಧನವನ್ನು ಪಾಲು ಹಾಕಿ ಕೊಳ್ಳುವುದು ಜಾಣತನ. ಅಡಿಕೆ ಸುಲಿಯುವ ಯಂತ್ರವನ್ನೇ ಹಂಚಿಕೊಂಡು ಬಳಸುವ ನಮಗೆ ಇದೇನೂ ಹೊಸದಲ್ಲ.

ಜೋಡಿಸುವ ಮೊದಲು ವೋಲ್ಟೇಜ್

ಹದಿನಾರು ಪಿನ್ನುಗಳ ಸಾಕೆಟ್ ಚಾಲಕನ ಕಾಲಿನ ಬಳಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿರುತ್ತದೆ. ಕೆಲವು ಕಾರುಗಳಲ್ಲಿ ಅದಕ್ಕೊಂದು ಪುಟ್ಟ ಮುಚ್ಚಳವಿರುತ್ತದೆ. ಟಾರ್ಚ್ ಹಿಡಿದು ಬಗ್ಗಿ ನೋಡಿ, ಪಿನ್ನುಗಳು ಹಸಿರುಗಟ್ಟಿದ್ದರೆ ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಒಣಗಿಸಿ. ಸ್ಕ್ಯಾನರ್‌ಗೆ ವಿದ್ಯುತ್ ಬರುವುದು ಇದೇ ಸಾಕೆಟ್ಟಿನ 16ನೆಯ ಪಿನ್ನಿನಿಂದ, ನೆಲಸಂಪರ್ಕ 4 ಮತ್ತು 5ರಲ್ಲಿ. ಚುಚ್ಚಿದರೂ ಪರದೆ ಬೆಳಗದಿದ್ದರೆ ಸ್ಕ್ಯಾನರನ್ನು ದೂರುವ ಮುನ್ನ ಫ್ಯೂಸ್ ನೋಡಿ. ಹಲವು ಕಾರುಗಳಲ್ಲಿ ಸಿಗರೇಟ್ ಲೈಟರಿನ ಫ್ಯೂಸೇ ಇದಕ್ಕೂ ಇರುತ್ತದೆ. ಅಗ್ಗದ ಮೊಬೈಲ್ ಚಾರ್ಜರ್ ಅದನ್ನು ಸುಟ್ಟಿರುವುದುಂಟು.

ಕೋಡ್ ಓದುವುದಕ್ಕೂ ಮೊದಲು ಬ್ಯಾಟರಿಯ ವೋಲ್ಟೇಜ್ ನೋಡುವುದು ನನ್ನ ಕಟ್ಟುನಿಟ್ಟಿನ ಅಭ್ಯಾಸ, ಅದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಒಂದು ಜುಲೈ ಬೆಳಿಗ್ಗೆ, ನಾಲ್ಕು ದಿನ ಬಿಡದೆ ಸುರಿದ ಮಳೆಯ ನಂತರ ಕಾರಿನ ಕೀಲಿ ತಿರುಗಿಸಿದಾಗ ಎಬಿಎಸ್, ಸ್ಟೀರಿಂಗ್, ಏರ್‌ಬ್ಯಾಗ್ ಸೇರಿ ಎಂಟು ದೀಪಗಳು ಒಟ್ಟಿಗೆ ಹೊತ್ತಿದವು. ಒಂದು ವರ್ಕ್‌ಶಾಪಿನಲ್ಲಿ ಎಬಿಎಸ್ ಯೂನಿಟ್ಟೇ ಹೋಗಿದೆ ಎಂದು ಲಕ್ಷದ ಲೆಕ್ಕ ಬರೆದುಕೊಟ್ಟರು. ಮನೆಗೆ ಬಂದು ಮೀಟರ್ ಹಿಡಿದರೆ ಬ್ಯಾಟರಿ 11.7 ವೋಲ್ಟ್. ಬ್ಯಾಟರಿ ಬದಲಿಸಿ ನೋಂದಣಿ ಮಾಡಿದ ಮೇಲೆ ಎಂಟೂ ದೀಪ ಆರಿದವು, ಮತ್ತೆ ಹೊತ್ತಲಿಲ್ಲ.

ರಾತ್ರಿಯಿಡೀ ನಿಂತ ಕಾರಿನಲ್ಲಿ ಆರೋಗ್ಯವಂತ ಬ್ಯಾಟರಿ 12.6 ವೋಲ್ಟಿನ ಸುತ್ತ ಇರಬೇಕು, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ ಎಂದರ್ಥ. ಎಂಜಿನ್ ಚಾಲೂ ಆದಾಗ 13.8ರಿಂದ 14.7 ಸಾಮಾನ್ಯ, ಇಂಧನ ಉಳಿಸಲು ಚಾರ್ಜಿಂಗನ್ನು ತಾನೇ ಏರಿಸಿ ಇಳಿಸುವ ಹೊಸ ಕಾರುಗಳಲ್ಲಿ ಇದು ಸ್ವಲ್ಪ ಹೊಯ್ದಾಡಬಹುದು. ವೋಲ್ಟೇಜ್ ಕುಸಿದಾಗ ಕಂಪ್ಯೂಟರುಗಳು ಒಂದನ್ನೊಂದು ಕಾಣದೆ ಪರಸ್ಪರ ದೂರು ಬರೆದಿಡುತ್ತವೆ. ಹೀಗಾಗಿ ಬ್ಯಾಟರಿ ಸರಿಯಾಗುವ ಮುನ್ನ ಓದಿದ ಕೋಡುಗಳಿಗೆ ಬೆಲೆಯಿಲ್ಲ.

ಓದಿ, ಬರೆದುಕೊಳ್ಳಿ, ಅಳಿಸಬೇಡಿ

ಸ್ಕ್ಯಾನರ್ ಜೋಡಿಸಿ, ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಸ್ಟಾರ್ಟ್ ಬಟನ್ ಇರುವ ಕಾರುಗಳಲ್ಲಿ ಬ್ರೇಕ್ ತುಳಿಯದೆ ಬಟನ್ ಒತ್ತಬೇಕು. ಕಾರಿನ ಗುರುತನ್ನು ಸಾಧನ ತಾನೇ ಓದಿಕೊಂಡ ಮೇಲೆ ಎಲ್ಲ ಕಂಪ್ಯೂಟರುಗಳನ್ನೂ ಒಮ್ಮೆ ಪೂರ್ಣವಾಗಿ ಸ್ಕ್ಯಾನ್ ಮಾಡಿ, ಪ್ರತಿ ಪರದೆಯ ಫೋಟೋ ತೆಗೆದುಕೊಳ್ಳಿ.

ಕೋಡಿನ ಮೊದಲ ಅಕ್ಷರ ಮನೆಯನ್ನು ಹೇಳುತ್ತದೆ: ಪಿ ಎಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್, ಸಿ ಚಾಸಿ, ಬಿ ಬಾಡಿ, ಯು ಕಂಪ್ಯೂಟರುಗಳ ನಡುವಿನ ಸಂಪರ್ಕ. ಎರಡನೆಯ ಸ್ಥಾನದಲ್ಲಿ 0 ಇದ್ದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ, 1 ಇದ್ದರೆ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಪಿ0301 ಎಂದರೆ ಒಂದನೆಯ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಪಿ0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪಿ0299 ಎಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಒತ್ತಡ ಸಾಲದು, ಯು0100 ಎಂದರೆ ಎಂಜಿನ್ ಕಂಪ್ಯೂಟರಿನ ಸಂಪರ್ಕ ತಪ್ಪಿದೆ. ಕೋಡಿನ ಜೊತೆಗೆ ಅದು ಈಗಲೂ ಇರುವ ದೋಷವೋ, ಹಿಂದೊಮ್ಮೆ ಬಂದು ಹೋದದ್ದೋ, ಇನ್ನೂ ಖಚಿತವಾಗದೆ ಕಾದಿರುವುದೋ ಎಂಬುದನ್ನೂ ಗುರುತು ಮಾಡಿಕೊಳ್ಳಿ.

ಇದಾದ ಮೇಲೆ ನೋಡಲೇಬೇಕಾದದ್ದು ಫ್ರೀಜ್ ಫ್ರೇಮ್. ದೋಷ ಕಂಡ ಕ್ಷಣದಲ್ಲಿ ವೇಗ, ಆರ್‌ಪಿಎಂ, ಎಂಜಿನ್ ಬಿಸಿ, ಹೊರೆ ಎಷ್ಟಿತ್ತು ಎಂದು ಕಾರು ತೆಗೆದಿಟ್ಟ ಫೋಟೋ ಅದು. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಹೊಸನಗರದ ನನ್ನ ಭಾವ ಒಮ್ಮೆ ಫೋನ್ ಮಾಡಿ, ಕಾರು ಘಾಟಿಯಲ್ಲಿ ಎಳೆಯುತ್ತಲೇ ಇಲ್ಲ, ಸ್ಕ್ಯಾನರ್ ಹಾಕಿದೆ ಎಂದರು. "ಭಾವ, ಓದಿ ಫೋಟೋ ಕಳಿಸಿ, ಅಳಿಸೋಕೆ ಹೋಗಬೇಡಿ" ಎಂದೆ. "ಆಗಲೇ ಅಳಿಸಿಬಿಟ್ಟೆನಲ್ಲ ಮಾರಾಯ" ಎಂಬ ಉತ್ತರ ಬಂತು. ಕೋಡ್ ಮತ್ತೆ ಬರಲು ಎರಡು ವಾರ ಕಾಯಬೇಕಾಯಿತು. ಆಗ ಸಿಕ್ಕ ಪಿ0299ರ ಫ್ರೀಜ್ ಫ್ರೇಮಿನಲ್ಲಿ ವೇಗ 28 ಕಿ.ಮೀ., ಹೊರೆ ಹೆಚ್ಚುಕಡಿಮೆ ಪೂರ್ತಿ: ಹೊಸಂಗಡಿ ಕಡೆಯಿಂದ ಹುಲಿಕಲ್ ಘಾಟಿ ಏರುವಾಗಿನ ಚಿತ್ರ. ಸಮತಟ್ಟಿನಲ್ಲಿ ಸರಿಯಿದ್ದು ಹೊರೆ ಬಿದ್ದಾಗ ಮಾತ್ರ ಒತ್ತಡ ಸೋರುತ್ತದೆಂದರೆ ಮೊದಲು ನೋಡಬೇಕಾದದ್ದು ಟರ್ಬೊದಿಂದ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ಪೈಪು. ಅದರ ಮಡಿಕೆಯಲ್ಲಿ ಎಣ್ಣೆಯ ಪಸೆಯೊಂದಿಗೆ ಉಗುರುದ್ದದ ಬಿರುಕಿತ್ತು. ಟರ್ಬೊ ಬದಲಿಸುವ ಮಾತು ಅಲ್ಲಿಗೆ ನಿಂತಿತು.

ಬಿಡಿಭಾಗ ಕೊಳ್ಳದೆಯೇ ಸತ್ಯ ತಿಳಿಯುವ ಒಂದು ಹಳೆಯ ಉಪಾಯವೂ ಇದೆ. ಪೆಟ್ರೋಲ್ ಕಾರಿನಲ್ಲಿ ಪಿ0301 ಬಂದರೆ ಒಂದನೆಯ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಒಂದಕ್ಕೆ ಅದಲುಬದಲು ಮಾಡಿ. ಎಂಜಿನ್ ತಣ್ಣಗಿದ್ದಾಗ, ಇಗ್ನಿಷನ್ ಆಫ್ ಮಾಡಿಯೇ ಈ ಕೆಲಸ ಮಾಡಬೇಕು. ಕೋಡ್ ಅಳಿಸಿ ಓಡಿಸಿದಾಗ ಪಿ0303 ಬಂದರೆ ಕಾಯಿಲ್ ಕೆಟ್ಟಿದೆ. ಪಿ0301 ಅಲ್ಲೇ ಉಳಿದರೆ ಸ್ಪಾರ್ಕ್ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಕಡೆ ನೋಡಬೇಕು.

ಲೈವ್ ಡೇಟಾ: ಕೋಡ್ ಇಲ್ಲದಾಗಲೂ ಮಾತನಾಡುವ ಅಂಕಿಗಳು

ಸೆನ್ಸರುಗಳ ಅಂಕಿಗಳನ್ನು ಆಯಾ ಕ್ಷಣಕ್ಕೆ ಪರದೆಯಲ್ಲಿ ತೋರಿಸುವುದೇ ಲೈವ್ ಡೇಟಾ. ಕೋಡ್ ಓದಿ ಸ್ಕ್ಯಾನರನ್ನು ಪೆಟ್ಟಿಗೆಗೆ ಹಾಕುವವರು ಅದರ ಅರ್ಧ ಬೆಲೆಯನ್ನು ವ್ಯರ್ಥ ಮಾಡಿದಂತೆ. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಇಗ್ನಿಷನ್ ಆನ್ ಮಾಡಿ ಕೂಲೆಂಟ್ ತಾಪವನ್ನೂ ಒಳಬರುವ ಗಾಳಿಯ ತಾಪವನ್ನೂ ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಎರಡೂ ಹೊರಗಿನ ಹವೆಗೆ ಹತ್ತಿರವಾಗಿ ಒಂದೇ ಇರಬೇಕು. ಒಂದು 22 ಡಿಗ್ರಿ, ಇನ್ನೊಂದು 41 ತೋರಿಸಿದರೆ ಯಾವುದೋ ಸೆನ್ಸರ್ ಸುಳ್ಳು ಹೇಳುತ್ತಿದೆ.

ಅದೇ ಸ್ಥಿತಿಯಲ್ಲಿ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಒತ್ತಡವನ್ನೂ ನೋಡಬೇಕು. ಎಂಜಿನ್ ನಿಂತಿದ್ದಾಗ ಆ ಸೆನ್ಸರ್ ತೋರಿಸುವುದು ಹೊರಗಿನ ವಾಯುಭಾರವನ್ನೇ. ಸಮುದ್ರಮಟ್ಟದಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ 95ರ ಆಸುಪಾಸು ಬರಬೇಕು. ಶಿವಮೊಗ್ಗದಲ್ಲಿ ನಿಂತ ಕಾರು 101 ತೋರಿಸುತ್ತಿದ್ದರೆ ಖುಷಿಪಡುವಂತಿಲ್ಲ, ಸೆನ್ಸರ್ ಅನುಮಾನಕ್ಕೆ ಅರ್ಹ. ಮಂಗಳೂರಿಗೆ ಇಳಿದಾಗ ಅಂಕಿ ಏರುತ್ತದೆಯೇ ಎಂದು ನೋಡಿದರೆ ಖರ್ಚಿಲ್ಲದೆ ಪರೀಕ್ಷೆ ಮುಗಿಯಿತು.

ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಬಿಸಿಯಾದ ಮೇಲೆ ಫ್ಯುಯೆಲ್ ಟ್ರಿಮ್ ನೋಡಿ. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಸುರಿಯಬೇಕಾಗಿದೆ ಎಂಬುದರ ಲೆಕ್ಕ ಅದು. ಕೂಡುವ ಕಡೆಗಾಗಲಿ ಕಳೆಯುವ ಕಡೆಗಾಗಲಿ 10ರೊಳಗಿದ್ದರೆ ಚಿಂತೆಯಿಲ್ಲ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ತಿರುಗುವಾಗ) ಕೂಡು 20 ಇದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಸರಿಯಾಗುವುದಾದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿದೆ, ರಬ್ಬರ್ ಹೋಸ್‌ಗಳನ್ನು ಹುಡುಕಿ. ಐಡಲ್‌ನಲ್ಲಿ ಸರಿಯಿದ್ದು ಹೊರೆ ಬಿದ್ದಂತೆ ಏರುತ್ತ ಹೋದರೆ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಕೊಳೆಯಾಗಿರಬಹುದು ಅಥವಾ ಪೆಟ್ರೋಲ್ ಪಂಪ್ ದಣಿದಿರಬಹುದು. ಡೀಸೆಲ್ ಕಾರಿನಲ್ಲಿ ಈ ಅಂಕಿಗಿಂತ ಕಂಪ್ಯೂಟರ್ ಬಯಸಿದ ರೈಲ್ ಒತ್ತಡ (ಇಂಜೆಕ್ಟರುಗಳಿಗೆ ಹೋಗುವ ಡೀಸೆಲಿನ ಒತ್ತಡ) ಮತ್ತು ನಿಜವಾಗಿ ಸಿಕ್ಕ ಒತ್ತಡ, ಹಾಗೆಯೇ ಬಯಸಿದ ಬೂಸ್ಟ್ (ಟರ್ಬೊ ಒತ್ತಡ) ಮತ್ತು ಸಿಕ್ಕ ಬೂಸ್ಟ್ ಈ ಜೋಡಿಗಳನ್ನು ಹೋಲಿಸಬೇಕು. ಓಡುವಾಗ ಪರದೆ ನೋಡುವ ಕೆಲಸ ಪಕ್ಕದ ಸೀಟಿನವರದು, ಸ್ಟೀರಿಂಗ್ ಹಿಡಿದವರದಲ್ಲ.

ಮಳೆ, ಎಲೆ, ಇಲಿ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ, ಜರ್ಮನಿಯ ಬಹುಪಾಲು ಊರುಗಳಲ್ಲಿ ಅದರ ಏಳನೆಯ ಒಂದು ಭಾಗದಷ್ಟೂ ಇಲ್ಲ. ಮುಂಗಾಜಿನ ಬುಡದ ತಟ್ಟೆಯಿಂದ ನೀರು ಹೊರಹೋಗುವ ರಂಧ್ರಗಳಿಗೆ ಮರದ ಎಲೆ ತುಂಬಿಕೊಂಡರೆ ನೀರು ಒಳಗೆ ಇಳಿದು ಕಾರ್ಪೆಟ್ಟಿನ ಕೆಳಗಿನ ಕನೆಕ್ಟರುಗಳನ್ನು ನೆನೆಸುತ್ತದೆ. ಸನ್‌ರೂಫಿನ ನಾಲ್ಕು ಮೂಲೆಯ ನಾಳಗಳಿಗೂ ಇದೇ ಗತಿ. ಮಳೆ ಬಂದ ದಿನ ಮಾತ್ರ ಕಾಣಿಸಿಕೊಂಡು ಬಿಸಿಲಿಗೆ ಮಾಯವಾಗುವ ಯು ಮತ್ತು ಬಿ ಕೋಡುಗಳ ಗುಂಪು ಕಂಡರೆ ಕಂಪ್ಯೂಟರಿನ ಬೆಲೆ ವಿಚಾರಿಸುವ ಮೊದಲು ಕಾಲ್ಚಾಪೆ ಎತ್ತಿ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ ನೋಡಿ.

ಕೊಟ್ಟಿಗೆಯ ಪಕ್ಕ, ಅಡಿಕೆ ಚೀಲಗಳ ನಡುವೆ ಕಾರು ನಿಲ್ಲಿಸುವವರಿಗೆ ಇಲಿಗಳ ವಿಷಯ ಹೇಳಬೇಕಾಗಿಲ್ಲ. ನಿನ್ನೆ ಸಂಜೆ ಸರಿಯಿದ್ದ ಕಾರಿನಲ್ಲಿ ಬೆಳಿಗ್ಗೆ ಒಂದೇ ಕಡೆಯ ಮೂರು ನಾಲ್ಕು ಸೆನ್ಸರುಗಳು ಒಟ್ಟಿಗೆ ಸಂಪರ್ಕ ಕಡಿದುಕೊಂಡಿದ್ದರೆ ಅವು ಒಟ್ಟಿಗೆ ಕೆಟ್ಟಿರಲಾರವು. ಅವುಗಳ ವೈರುಗಳು ಒಟ್ಟಿಗೆ ಹಾದುಹೋಗುವ ಜಾಗದಲ್ಲಿ ಹಲ್ಲಿನ ಗುರುತು ಹುಡುಕಿ.

ಸ್ಕ್ಯಾನರ್ ಇಲ್ಲದೆ ಮಾಡಬಾರದ ಕೆಲಸಗಳು

ಬಿಎಂಡಬ್ಲ್ಯು, ಆಡಿಯಂಥ ಹಲವು ಕಾರುಗಳಲ್ಲಿ ಬ್ಯಾಟರಿ ಬದಲಿಸಿದ ಮೇಲೆ ಹೊಸದು ಬಂದಿದೆ ಎಂದು ಕಾರಿಗೆ ತಿಳಿಸಬೇಕು. ತಿಳಿಸದಿದ್ದರೆ ಹಳೆಯ, ಸೊರಗಿದ ಬ್ಯಾಟರಿಗೆ ಮಾಡುತ್ತಿದ್ದ ಚಾರ್ಜಿಂಗ್ ಕ್ರಮವನ್ನೇ ಹೊಸದಕ್ಕೂ ಮುಂದುವರಿಸಿ ಅದರ ಆಯುಷ್ಯ ಕಡಿಮೆ ಮಾಡುತ್ತದೆ. ಎಜಿಎಂ ಎಂಬ ವಿಶೇಷ ಬಗೆಯ ಬ್ಯಾಟರಿ ಇದ್ದಲ್ಲಿ ಬೆಲೆ ಕಡಿಮೆಯೆಂದು ಸಾದಾ ಬ್ಯಾಟರಿ ಕೂರಿಸಬೇಡಿ. ಬಗೆ ಅಥವಾ ಸಾಮರ್ಥ್ಯ ಬದಲಾದರೆ ನೋಂದಣಿ ಸಾಲದು, ಕೋಡಿಂಗ್ ಕೂಡ ಬೇಕು.

ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇರುವ ಕಾರಿನ ಹಿಂದಿನ ಬ್ರೇಕ್ ಪ್ಯಾಡ್ ಬದಲಿಸುವ ಮೊದಲು ಸ್ಕ್ಯಾನರ್ ಮೂಲಕ ಸರ್ವಿಸ್ ಮೋಡ್‌ಗೆ ಹಾಕಿ ಮೋಟಾರನ್ನು ಹಿಂದಕ್ಕೆ ಸರಿಸಬೇಕು. ಪಿಸ್ಟನ್ನನ್ನು ಬಲವಂತವಾಗಿ ಒತ್ತಿದರೆ ಮೋಟಾರಿನ ಒಳಗಿನ ಸ್ಕ್ರೂ ಹಾಳಾಗುತ್ತದೆ. ಸಮತಟ್ಟು ನೆಲದಲ್ಲಿ, ಚಕ್ರಗಳಿಗೆ ಅಡ್ಡ ಕೊಟ್ಟು ಈ ಕೆಲಸ ಮಾಡಿ, ನಮ್ಮ ಇಳಿಜಾರು ಅಂಗಳಗಳಲ್ಲಿ ಈ ಎಚ್ಚರ ಅತ್ಯಗತ್ಯ.

ಡೀಸೆಲ್ ಕಾರಿನ ಡಿಪಿಎಫ್‌ನಲ್ಲಿ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿನಲ್ಲಿ, ಕೂತ ಮಸಿ ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು. ಮನೆಯಿಂದ ಪೇಟೆಗೆ ಮೂರು ಕಿಲೋಮೀಟರ್ ಓಡಾಡುವ ಕಾರಿಗೆ ಅದು ಸಿಗುವುದೇ ಇಲ್ಲ. ಮಸಿಯ ಪ್ರಮಾಣವನ್ನು ತಿಂಗಳಿಗೊಮ್ಮೆ ನೋಡಿ, ಏರಿದ್ದರೆ ಭದ್ರಾವತಿ ದಾಟುವವರೆಗೆ ಒಂದೇ ಸಮನೆ ಇಪ್ಪತ್ತು ನಿಮಿಷ ಓಡಿಸಿ ಬನ್ನಿ. ನಿಂತಲ್ಲೇ ಸ್ಕ್ಯಾನರಿನಿಂದ ಬಲವಂತದ ರೀಜನರೇಷನ್ (ಮಸಿ ಸುಡುವಿಕೆ) ಮಾಡುವುದಾದರೆ ಒಣಹುಲ್ಲು, ತರಗೆಲೆ, ದರಕಿನ ರಾಶಿ ಯಾವುದೂ ಕಾರಿನ ಅಡಿಯಲ್ಲಿ ಇರಕೂಡದು; ಎಂಜಿನ್ ಆಯಿಲ್ ಮಟ್ಟ ಏರಿದ್ದರೆ ಅದಕ್ಕೆ ಡೀಸೆಲ್ ಬೆರೆತಿರುವ ಸಂಭವವಿರುವುದರಿಂದ ಮೊದಲು ಆಯಿಲ್ ಬದಲಿಸಿ.

ಕೆಲವನ್ನು ಮುಟ್ಟಬಾರದು. ಏರ್‌ಬ್ಯಾಗ್ ಕೋಡ್ ಓದಿಕೊಳ್ಳಿ, ಆದರೆ ಆ ವೈರುಗಳಿಗೆ ಮಲ್ಟಿಮೀಟರ್ ಹಿಡಿಯಬೇಡಿ, ತಿಳಿದವರ ಕೈಗೆ ಕೊಡಿ. ಅರ್ಥವಾಗದ ಕೋಡಿಂಗ್ ಅಂಕಿಯನ್ನು ಕುತೂಹಲಕ್ಕೆ ಬದಲಿಸಬೇಡಿ. ಕೋಡಿಂಗ್ ನಡೆಯುವಾಗ ಬ್ಯಾಟರಿಗೆ ಚಾರ್ಜರ್ ಜೋಡಿಸಿರಲಿ, ಕರೆಂಟ್ ಹೋಗಿಬರುವ ಮಳೆಗಾಲದ ಸಂಜೆ ಅದಕ್ಕೆ ತಕ್ಕ ಹೊತ್ತಲ್ಲ. ಕೆಲಸ ಮುಗಿದ ಮೇಲೆ ಅಡಾಪ್ಟರನ್ನು ಸಾಕೆಟ್ಟಿನಲ್ಲೇ ಬಿಡಬೇಡಿ. ಕಾರಿನ ಕಂಪ್ಯೂಟರುಗಳನ್ನು ಮಲಗಗೊಡದೆ ಅದು ವಾರದೊಳಗೆ ಬ್ಯಾಟರಿ ಹೀರಿಬಿಡಬಹುದು.

ಕಾರು ಕೊಳ್ಳುವ ದಿನ

ಈ ಸಾಧನವನ್ನು ಕಾರು ಬಂದ ಮೇಲಲ್ಲ, ಕಾರು ನೋಡಲು ಹೋಗುವಾಗಲೇ ಜೇಬಿನಲ್ಲಿಟ್ಟುಕೊಳ್ಳಿ. ಮಾರುವವರು ಹಿಂದಿನ ರಾತ್ರಿ ಕೋಡುಗಳನ್ನು ಅಳಿಸಿ ದೀಪ ಆರಿಸಿರುವುದು ಅಪರೂಪವಲ್ಲ. ಆದರೆ ಅಳಿಸಿದ ಕೂಡಲೇ ಕಾರಿನ ಸ್ವಯಂಪರೀಕ್ಷೆಗಳ ದಾಖಲೆಯೂ ಅಳಿಯುತ್ತದೆ. ಸ್ಕ್ಯಾನರಿನ ರೆಡಿನೆಸ್ ಪುಟದಲ್ಲಿ ಹಲವು ಸಾಲುಗಳು ಅಪೂರ್ಣ ಎಂದು ತೋರಿಸುತ್ತವೆ, ಅವು ಪೂರ್ಣವಾಗಲು ಕೆಲವು ದಿನಗಳ ಓಡಾಟ ಬೇಕು. ಜೊತೆಗೆ ಲೈವ್ ಡೇಟಾದಲ್ಲಿ 'ಕೋಡ್ ಅಳಿಸಿದ ನಂತರ ಓಡಿದ ದೂರ' ಎಂಬ ಸಾಲೊಂದು ಹೆಚ್ಚಿನ ಕಾರುಗಳಲ್ಲಿ ಸಿಗುತ್ತದೆ. ಎಂಬತ್ತು ಸಾವಿರ ಕಿಲೋಮೀಟರ್ ಓಡಿದ, "ಒಂದು ದಿನವೂ ತೊಂದರೆ ಕೊಟ್ಟಿಲ್ಲ ಸಾರ್" ಎಂದು ತೋರಿಸಲಾದ ಕಾರಿನಲ್ಲಿ ಆ ಸಾಲಿನ ಎದುರು 6 ಕಿ.ಮೀ. ಎಂದಿದ್ದರೆ, ಮುಂಗಡ ಕೊಡುವುದನ್ನು ಒಂದು ವಾರ ಮುಂದಕ್ಕೆ ಹಾಕಿ, ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಂದು ನೋಡುತ್ತೇನೆ ಎನ್ನಿ.